ಅಲೆಯೇರುವ ಹಲಗೆಗೆ ಯಾವ ರಾಳ?

ರಾಳವೆಂದೊಡನೆ ಮರದ ತೊಗಟೆಯಿಂದ ಒಸರುವ ಅಂಟುದ್ರವ್ಯವೇ ನಮ್ಮ ಕಣ್ಣಮುಂದೆ ಬರುತ್ತದೆ. ಇಪ್ಪತ್ತನೆಯ ಶತಮಾನದಲ್ಲಿ ರಸಾಯನಶಾಸ್ತ್ರಜ್ಞರು ಸೃಷ್ಟಿಸಿದ ಕೃತಕ ರಾಳಗಳಿಗೂ, ಅಂದರೆ ರೆಸಿನ್‌ಗಳಿಗೂ, ಅದೇ ಹೆಸರು ಸಲ್ಲುತ್ತದೆ. ಕಡಲ ಅಲೆಗಳ ಮೇಲೆ ನಿಂತು ಜಾರುವ ಸರ್ಫ್‌ಬೋರ್ಡಿನ ಆಧುನಿಕ ಚರಿತ್ರೆಯು ಬಹುಮಟ್ಟಿಗೆ ಇಂತಹ ಎರಡು ರಾಳಗಳ ಚರಿತ್ರೆ. ಹಲಗೆಯನ್ನು ಮನೆಯಲ್ಲಿಯೇ ತಯಾರಿಸಲು ಹೊರಡುವವನು ಯಾವುದನ್ನು ಆರಿಸಬೇಕೆಂಬುದನ್ನು ಅವನ ಇಷ್ಟಕ್ಕಿಂತ ಹೆಚ್ಚಾಗಿ ಹಲಗೆಯ ಒಳತಿರುಳೇ ನಿರ್ಧರಿಸುತ್ತದೆ.

ಹವಾಯಿ ದ್ವೀಪಗಳ ಪ್ರಾಚೀನರಿಗೆ ಈ ತೊಡಕಿರಲಿಲ್ಲ. ಕೋವಾ ಅಥವಾ ವಿಲಿವಿಲಿ ಮರವನ್ನು ಕೆತ್ತಿ, ಕುಕುಯಿ ಕಾಯಿಯ ಎಣ್ಣೆಯನ್ನು ಉಜ್ಜಿದರೆ ಹಲಗೆ ಸಿದ್ಧ. (ವಿಲಿವಿಲಿಯು ನಮ್ಮ ಹಾಲವಾಣದ ಕುಲಕ್ಕೇ ಸೇರಿದ್ದೆಂಬುದು ಗಿಡಮರಗಳ ಆಸಕ್ತರಿಗೆ ಸಂತಸ ತರಬಹುದು.)

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅಮೆರಿಕದ ವಿಮಾನ ಕಾರ್ಖಾನೆಗಳಲ್ಲಿ ಬಳಕೆಗೆ ಬಂದ ಗಾಜಿನ ನಾರಿನ ಬಟ್ಟೆ ಹಾಗೂ ಪಾಲಿಯೆಸ್ಟರ್ ರಾಳಗಳು ಯುದ್ಧಾನಂತರ ಕ್ಯಾಲಿಫೋರ್ನಿಯಾದ ಕಡಲತೀರವನ್ನು ತಲುಪಿದವು. 1946ರಲ್ಲಿ ಪೀಟ್ ಪೀಟರ್ಸನ್ ಎಂಬಾತ ಅವುಗಳಿಂದ ಟೊಳ್ಳಾದ ಹಲಗೆಯೊಂದನ್ನು ರೂಪಿಸಿದ. ಕ್ಯಾಲ್‌ಟೆಕ್‌ನಲ್ಲಿ ಓದಿದ್ದ ಬಾಬ್ ಸಿಮನ್ಸ್ ಇನ್ನೂ ಮುಂದೆ ಹೋಗಿ, ಹಲಗೆಯನ್ನು ಹಗುರಗೊಳಿಸಲು ಪಾಲಿಸ್ಟೈರೀನ್ ಬೆಂಡನ್ನು ಹಿಡಿದ. ಅದು ನಾವೆಲ್ಲ ಬಲ್ಲ ಥರ್ಮೋಕೋಲಿನ ಬಳಗದ್ದೇ. ಪಾಲಿಯೆಸ್ಟರ್ ರಾಳವನ್ನು ಬಳಿದರೆ ಈ ಬೆಂಡು ಕರಗಿ ಕುಸಿಯುತ್ತದೆ. ಕಾರಣ ಸರಳ: ಆ ರಾಳವನ್ನು ತೆಳುವಾಗಿಸಲು ಬೆರೆಸಿರುವುದು ಸ್ಟೈರೀನ್, ಬೆಂಡು ಹುಟ್ಟಿದ್ದೂ ಅದೇ ಸ್ಟೈರೀನಿನಿಂದ. ತವರಿನವರೇ ಮನೆ ಮುರಿದಂತೆ! ಸಿಮನ್ಸ್ 1949ರ ಸುಮಾರಿಗೆ ಬೆಂಡಿನ ಮೇಲೂ ಕೆಳಗೂ ತೆಳು ಪ್ಲೈವುಡ್, ಅಂಚಿಗೆ ಬಾಲ್ಸಾ ಮರವನ್ನು ಹೊದಿಸಿ, ಅದರ ಮೇಲೆ ರಾಳವನ್ನು ಬಳಿದ. ನನ್ನ ದೃಷ್ಟಿಯಲ್ಲಿ ಈ ಚರಿತ್ರೆಯ ಅತ್ಯಂತ ಜಾಣ ಪರಿಹಾರ ಇದೇ. 1954ರಲ್ಲಿ ಸ್ಯಾನ್ ಡಿಯಾಗೋ ಸಮೀಪದ ವಿಂಡನ್‌ಸೀಯಲ್ಲಿ ಅಲೆಗಳ ನಡುವೆಯೇ ಅವನು ಅಸುನೀಗಿದ.

ಸ್ಟೈರೀನಿಗೆ ಜಗ್ಗದ ಪಾಲಿಯುರೆಥೇನ್ ನೊರೆಬೆಂಡು ಬಂದಮೇಲೆ ಜನ ಈ ಶ್ರಮವನ್ನು ಮರೆತರು. 1958ರಿಂದ ಹೋಬಿ ಆಲ್ಟರ್ ಮತ್ತು ಗಾರ್ಡನ್ ಕ್ಲಾರ್ಕ್ ಅದನ್ನು ಬಳಕೆಗೆ ತಂದರು. ಮುಂದೆ ಅಮೆರಿಕದ ಬಹುಪಾಲು ಹಲಗೆಗಳ ತಿರುಳು ಕ್ಲಾರ್ಕನ ಕಾರ್ಖಾನೆಯಿಂದಲೇ ಹೊರಟಿತು. ಪಾಲಿಯೆಸ್ಟರ್ ಅಗ್ಗ, ಬೇಗ ಗಟ್ಟಿಯಾಗುತ್ತದೆ. ನೂರಕ್ಕೆ ಒಂದೆರಡು ಪಾಲಿನಷ್ಟು ವೇಗವರ್ಧಕವನ್ನು ಹವೆಯ ಬಿಸಿಗೆ ತಕ್ಕಂತೆ ಹೆಚ್ಚುಕಡಿಮೆ ಮಾಡಿಕೊಳ್ಳಬಹುದು. ಅದರಲ್ಲಿಯೂ ಎರಡು ಬಗೆ. ಬಟ್ಟೆಯನ್ನು ಅಂಟಿಸುವ ಮೊದಲ ರಾಳವು ಗಾಳಿಯ ಆಮ್ಲಜನಕದಿಂದಾಗಿ ಮೇಲ್ಮೈಯಲ್ಲಿ ಜಿಗುಟಾಗಿಯೇ ಉಳಿಯುತ್ತದೆ. ಆ ಜಿಗುಟೇ ಮುಂದಿನ ಪದರವನ್ನು ಹಿಡಿದುಕೊಳ್ಳುತ್ತದೆ. ಕೊನೆಯ ಪದರದ ರಾಳದಲ್ಲಿ ಮೇಣವಿರುತ್ತದೆ. ಅದು ಮೇಲಕ್ಕೆ ತೇಲಿ ಗಾಳಿಯನ್ನು ತಡೆಯುವುದರಿಂದ ಮೇಲ್ಮೈ ಉಜ್ಜಲು ಯೋಗ್ಯವಾಗುತ್ತದೆ.

2005ರ ಡಿಸೆಂಬರ್ 5, ಸೋಮವಾರ. ನೊರೆಬೆಂಡಿನ ತಯಾರಿಕೆಯಲ್ಲಿ ಬಳಸುವ ಟಿಡಿಐ ಎಂಬ ವಿಷಕಾರಿ ರಾಸಾಯನಿಕ ಹಾಗೂ ಸರಕಾರಿ ನಿಯಮಗಳನ್ನು ಉಲ್ಲೇಖಿಸಿ ಕ್ಲಾರ್ಕ್ ದಿಢೀರನೆ ಕಾರ್ಖಾನೆಯನ್ನು ಮುಚ್ಚಿಬಿಟ್ಟ. ಹಲಗೆ ತಯಾರಕರು ಕಂಗಾಲಾದರು. ಪಾಲಿಸ್ಟೈರೀನ್ ಬೆಂಡಿನತ್ತ ಮತ್ತೆ ಅನೇಕರ ಕಣ್ಣು ಹೊರಳಿತು. ಅದರೊಡನೆ ಎಪಾಕ್ಸಿ ರಾಳವೂ ಮುನ್ನೆಲೆಗೆ ಬಂತು. ಎಪಾಕ್ಸಿಯಲ್ಲಿ ಸ್ಟೈರೀನ್ ಇಲ್ಲವಾದ್ದರಿಂದ ಬೆಂಡು ಕರಗದು. ಇದು ಹೊಸ ವಸ್ತುವೇನಲ್ಲ. ಸ್ವಿಟ್ಜರ್ಲೆಂಡಿನ ಪಿಯರ್ ಕ್ಯಾಸ್ಟನ್ನನ ಸಂಶೋಧನೆಯಿಂದ ಬೆಳೆದ ಅರಾಲ್ಡೈಟ್ 1946ರಲ್ಲಿಯೇ ಮಾರುಕಟ್ಟೆಗೆ ಬಂದಿತ್ತು. ಆದರೆ ಇಲ್ಲಿ ಅಂದಾಜಿನ ಆಟ ನಡೆಯದು. ಎರಡು ಭಾಗಗಳೂ ಪರಸ್ಪರ ಬೆಸೆದುಕೊಳ್ಳುವುದರಿಂದ, ತಯಾರಕರು ಹೇಳಿದ ಪ್ರಮಾಣಕ್ಕಿಂತ ಹೆಚ್ಚು ಗಟ್ಟಿಕಾರಕವನ್ನು ಸುರಿದರೆ ಹಲಗೆ ಬೇಗ ಒಣಗುವ ಬದಲು ಮೆತ್ತಗೇ ಉಳಿಯುತ್ತದೆ.

ಎರಡನ್ನೂ ಒಂದೇ ಹಲಗೆಯಲ್ಲಿ ಬಳಸಬಹುದೆ? ಗಟ್ಟಿಯಾದ ಪಾಲಿಯೆಸ್ಟರನ್ನು ಚೆನ್ನಾಗಿ ಉಜ್ಜಿ ಅದರ ಮೇಲೆ ಎಪಾಕ್ಸಿಯನ್ನು ಬಳಿಯಬಹುದು. ಎಪಾಕ್ಸಿಯ ಮೇಲೆ ಪಾಲಿಯೆಸ್ಟರ್ ಸರಿಯಾಗಿ ಹಿಡಿಯುವುದಿಲ್ಲ. ಬಿರುಕು ಬಿಟ್ಟ ಎಪಾಕ್ಸಿ ಹಲಗೆಯನ್ನು ಪಾಲಿಯೆಸ್ಟರಿನಿಂದ ದುರಸ್ತಿ ಮಾಡಹೊರಟರಂತೂ ಬಿರುಕಿನೊಳಗಿನ ಬೆಂಡೇ ಮಾಯವಾಗುತ್ತದೆ. ಎರಡೂ ಆರೋಗ್ಯಕ್ಕೆ ಹಿತವಲ್ಲ: ಒಂದರ ಆವಿ ತಲೆಸುತ್ತು ತರುತ್ತದೆ; ಇನ್ನೊಂದು ಚರ್ಮಕ್ಕೆ ಮತ್ತೆ ಮತ್ತೆ ತಗುಲಿದರೆ ಜೀವಮಾನವಿಡೀ ಕಾಡುವ ಅಲರ್ಜಿಯನ್ನು ಉಂಟುಮಾಡಬಹುದು.

2004ರಿಂದ ನಮ್ಮ ಮೂಲ್ಕಿಯ ಕಡಲಿನಲ್ಲಿಯೂ ಈ ಕ್ರೀಡೆ ಬೇರೂರಿದೆ. ನಮ್ಮ ಕರಾವಳಿಯಲ್ಲಿ ಸುಲಭವಾಗಿ ದೊರೆಯುವ ಬೆಂಡು ಥರ್ಮೋಕೋಲ್. ಸುಲಭವಾಗಿ ದೊರೆಯುವ ರಾಳ, ಫೈಬರ್ ದೋಣಿಗಳಿಗೆ ಬಳಸುವ ಪಾಲಿಯೆಸ್ಟರ್. ಸಿಮನ್ಸ್ ಎದುರಿಸಿದ ಜೋಡಿಯೂ ಇದೇ ಆಗಿತ್ತು.