ಸಮಭೂಮಿಯ ಸಾಧನೆ: ಜೈನ ಗಣಿತಗ್ರಂಥಗಳು ಮತ್ತು ಮಂಡ್ಯ ಸೀಮೆಯ ಕಟ್ಟಡದ ಮಟ್ಟ

ಹಸ್ತಪ್ರತಿಗಳ ಸೂಚಿಗಳಲ್ಲಿ ಗಣಿತಗ್ರಂಥಗಳಿಗೆ ದೊರೆತಿರುವ ವಿವರಣೆ ಬಹುಮಟ್ಟಿಗೆ ಅತಿ ಸಂಕ್ಷಿಪ್ತವಾದುದು. ಪುರಾಣ, ಚಂಪೂ, ಸಿದ್ಧಾಂತಗ್ರಂಥಗಳ ಆದ್ಯಂತಗಳನ್ನು ಎತ್ತಿ ಬರೆಯುವ ಸೂಚಿಕಾರರು ಗಣಿತದ ಓಲೆಗೆ ಬಂದಾಗ ವಿಷಯ, ಗರಿಗಳ ಸಂಖ್ಯೆ, ಪೂರ್ಣವೋ ಅಪೂರ್ಣವೋ ಎಂಬಷ್ಟನ್ನು ಹೇಳಿ ಮುಂದೆ ಸಾಗುವುದುಂಟು. ಕ್ಷೇತ್ರ, ಖಾತ, ಛಾಯಾ ಎಂಬ ವ್ಯವಹಾರಗಳು ಕೇವಲ ಲೆಕ್ಕದ ಅಭ್ಯಾಸಗಳೆಂಬ ಭಾವನೆ ಇದಕ್ಕೆ ಕಾರಣವಿರಬಹುದು. ವಾಸ್ತವವಾಗಿ ಈ ಮೂರೂ ನೆಲದ ಮೇಲೆ ನಡೆಯುವ ಕೆಲಸಗಳಿಗೆ ಸಂಬಂಧಿಸಿದವು. ಮೂರಕ್ಕೂ ಅಡಿಗಲ್ಲಾಗಿರುವ ಒಂದು ಪೂರ್ವಸಿದ್ಧತೆಯುಂಟು; ಅದೇ ನೆಲವನ್ನು ಸಮಗೊಳಿಸುವುದು. ಈ ವಿಷಯದಲ್ಲಿ ಗ್ರಂಥಗಳು ಏನನ್ನು ಹೇಳುತ್ತವೆ, ಏನನ್ನು ಕೈಕಸುಬಿಗೆ ಬಿಡುತ್ತವೆ, ಮಂಡ್ಯ, ಮದ್ದೂರು, ಮಳವಳ್ಳಿಗಳ ನೆಲದಲ್ಲಿ ಅದೇ ಕಾರ್ಯ ಹೇಗೆ ಸಾಗಿಬಂದಿದೆ ಎಂಬುದನ್ನು ಇಲ್ಲಿ ವಿಚಾರಿಸಲಾಗಿದೆ.

1. ಶಾಸ್ತ್ರದಲ್ಲಿ ಸಮಭೂಮಿ

ಕ್ರಿ.ಶ. 499ರ ಕಾಲಸೂಚನೆಯುಳ್ಳ ಆರ್ಯಭಟೀಯದ ಗಣಿತಪಾದದಲ್ಲಿ ವೃತ್ತವನ್ನು ಕೈವಾರದಿಂದಲೂ, ಮೇಲುಕೆಳಗಿನ ನೇರವನ್ನು ಲಂಬಕದಿಂದಲೂ, ಸಮಭೂಮಿಯನ್ನು ಜಲದಿಂದಲೂ ಸಾಧಿಸಬೇಕೆಂಬ ವಿಧಿಯಿದೆ. ಸೂರ್ಯಸಿದ್ಧಾಂತದ ತ್ರಿಪ್ರಶ್ನಾಧಿಕಾರವೂ ನೀರಿನಿಂದ ಸಮಗೊಳಿಸಿದ ಶಿಲಾತಲದಲ್ಲಿ ಶಂಕುವನ್ನು ಸ್ಥಾಪಿಸುವ ಸೂಚನೆಯಿಂದಲೇ ಆರಂಭವಾಗುತ್ತದೆ. ರಾಷ್ಟ್ರಕೂಟ ಅಮೋಘವರ್ಷ ನೃಪತುಂಗನ ಕಾಲದಲ್ಲಿ ಗಣಿತಸಾರಸಂಗ್ರಹವನ್ನು ರಚಿಸಿದ ಮಹಾವೀರಾಚಾರ್ಯನು ಕೊನೆಯದಾದ ಛಾಯಾವ್ಯವಹಾರದ ಪ್ರಾರಂಭದಲ್ಲಿ, ನೀರಿನ ಮೇಲ್ಮೈಯಂತೆ ಸಮನಾಗಿರುವ ನೆಲದಲ್ಲಿ ವೃತ್ತವನ್ನು ಬರೆಯಬೇಕೆಂದು ವಿಧಿಸುತ್ತಾನೆ. ಆ ವೃತ್ತದ ಕೇಂದ್ರದಲ್ಲಿ ಶಂಕುವನ್ನು ನಿಲ್ಲಿಸಿ, ಪೂರ್ವಾಹ್ಣದಲ್ಲಿಯೂ ಅಪರಾಹ್ಣದಲ್ಲಿಯೂ ನೆರಳಿನ ತುದಿ ಪರಿಧಿಯನ್ನು ಮುಟ್ಟುವ ಎರಡು ಬಿಂದುಗಳನ್ನು ಗುರುತಿಸಿದರೆ ಪೂರ್ವಪಶ್ಚಿಮರೇಖೆ ದೊರೆಯುತ್ತದೆ.

ಇಲ್ಲಿ ‘ಸಮ’ ಎಂಬ ಮಾತು ಅಲಂಕಾರಕ್ಕಾಗಿ ಬಂದುದಲ್ಲ. ನೆಲವು ಪೂರ್ವದ ಕಡೆಗೆ ಸ್ವಲ್ಪ ಇಳಿದಿದ್ದರೆ ಅಪರಾಹ್ಣದ ನೆರಳು ಸಹಜಕ್ಕಿಂತ ಉದ್ದವಾಗಿ, ಪರಿಧಿಯನ್ನು ಮುಟ್ಟಬೇಕಾದ ವೇಳೆಗೆ ಮುಂಚೆಯೇ ಮುಟ್ಟುತ್ತದೆ, ಬಿಂದು ಸರಿಯುತ್ತದೆ, ದಿಕ್ಕು ತಪ್ಪುತ್ತದೆ. ದಿಕ್ಕು ತಪ್ಪಿದರೆ ಆ ರೇಖೆಯನ್ನು ಹಿಡಿದು ಎತ್ತಿದ ಗರ್ಭಗೃಹವೂ ತಪ್ಪುತ್ತದೆ.

ಮಹಾವೀರನು ಸಮಭೂಮಿಯ ಲಕ್ಷಣವನ್ನು ಹೇಳಿದನೇ ಹೊರತು ಸಾಧನಕ್ರಮವನ್ನು ವಿವರಿಸಲಿಲ್ಲ. ಆ ಕ್ರಮವು ಆರ್ಯಭಟೀಯಕ್ಕೆ ಒಂದನೆಯ ಭಾಸ್ಕರನು ಕ್ರಿ.ಶ. 629ರಲ್ಲಿ ಬರೆದ ಭಾಷ್ಯದಲ್ಲಿ ದೊರೆಯುತ್ತದೆ. ಕಣ್ಣಳತೆಯಿಂದಲೂ ನೂಲಿನಿಂದಲೂ ಮೊದಲು ಸಮಮಾಡಿಕೊಂಡ ನೆಲದ ಮೇಲೆ, ಗಾಳಿಯಿಲ್ಲದ ವೇಳೆಯಲ್ಲಿ, ಮುಕ್ಕಾಲಿಯನ್ನಿಟ್ಟು ಅದರ ಮೇಲೆ ಕಿರುರಂಧ್ರವುಳ್ಳ ನೀರಿನ ಕೊಡವನ್ನು ಇರಿಸಬೇಕು. ಎಡೆಬಿಡದೆ ಇಳಿಯುವ ನೀರು ವೃತ್ತಾಕಾರವಾಗಿ ಹರಡಿದರೆ ನೆಲ ಸಮ. ವೃತ್ತವನ್ನು ಮೀರಿ ನೀರು ಹೋಗಿ ನಿಂತ ಕಡೆ ತಗ್ಗು. ನೀರು ಮುಟ್ಟದ ಕಡೆ ಉಬ್ಬು. ಮೂಲವು ಒಂದು ಮಾತಿನಲ್ಲಿ ಅಡಗಿಸಿದುದನ್ನು ವ್ಯಾಖ್ಯಾನವು ಬಿಡಿಸಿ ತೋರಿಸುವುದಕ್ಕೆ ಇದು ಒಳ್ಳೆಯ ನಿದರ್ಶನ.

2. ಖಾತಗಣಿತದ ಅಡಗಿದ ಪ್ರಶ್ನೆ

ಮೇಲಿನ ಬಾಯಿಯೂ ತಳವೂ ಬೇರೆಬೇರೆ ಅಳತೆಯಲ್ಲಿರುವ ಹಳ್ಳದ ಘನಫಲಕ್ಕೆ ಮಹಾವೀರನು ಕರ್ಮಾಂತಿಕ, ಔಂಡ್ರ ಎಂಬ ಎರಡು ಸ್ಥೂಲಫಲಗಳನ್ನು ಹೇಳಿ, ಅವುಗಳಿಂದ ಸೂಕ್ಷ್ಮಫಲವನ್ನು ತರುತ್ತಾನೆ. ಬಾಯಿ 10 ಹಸ್ತದ ಚೌಕ, ತಳ 6 ಹಸ್ತದ ಚೌಕ, ಆಳ 6 ಹಸ್ತವೆಂದು ಇಟ್ಟುಕೊಳ್ಳೋಣ. ಭುಜಗಳ ಸರಾಸರಿ 8. ಅದರ ವರ್ಗ 64ನ್ನು ಆಳದಿಂದ ಗುಣಿಸಿದರೆ ಕರ್ಮಾಂತಿಕಫಲ 384. ಎರಡು ಕ್ಷೇತ್ರಫಲಗಳಾದ 100 ಮತ್ತು 36ರ ಸರಾಸರಿ 68ನ್ನು ಆಳದಿಂದ ಗುಣಿಸಿದರೆ ಔಂಡ್ರಫಲ 408. ಇವೆರಡರ ಅಂತರ 24ರ ಮೂರನೆಯ ಒಂದು ಭಾಗ 8ನ್ನು ಕರ್ಮಾಂತಿಕಕ್ಕೆ ಕೂಡಿದರೆ ಸೂಕ್ಷ್ಮಫಲ 392. ಆಧುನಿಕ ಸೂತ್ರದಿಂದಲೂ ಇದೇ ಫಲ ಬರುತ್ತದೆ.

ಲೆಕ್ಕ ನಿರ್ದುಷ್ಟವಾದುದು. ಆದರೆ ಆಳ 6 ಹಸ್ತವೆಂದು ಅಳೆದುದು ಎಲ್ಲಿಂದ? ನೆಲ ಓರೆಯಾಗಿದ್ದು ಒಂದು ಅಂಚಿನಿಂದ 6 ಹಸ್ತವೂ ಎದುರಂಚಿನಿಂದ 7 ಹಸ್ತವೂ ಬಂದರೆ ಸೂತ್ರವು ಯಾವುದನ್ನು ಸ್ವೀಕರಿಸಬೇಕು? ಇಂತಹ ಸ್ಥಳದಲ್ಲಿ ಹಲವು ಕಡೆ ಅಳೆದು ಕೂಡಿ ಸ್ಥಾನಸಂಖ್ಯೆಯಿಂದ ಭಾಗಿಸುವ ಉಪಾಯವನ್ನು ಲೀಲಾವತಿಯಲ್ಲಿ ಎರಡನೆಯ ಭಾಸ್ಕರನು ಹೇಳಿದ್ದಾನೆ. ಅಗೆದ ಮಣ್ಣಿಗೆ ಕೂಲಿ ಕಟ್ಟಲು ಆ ಸರಾಸರಿ ಸಾಕು. ತಳದ ಮೇಲೆ ಗೋಡೆ ಎತ್ತಲು ಸಾಲದು. ಗೋಡೆಗೆ ಬೇಕಾದುದು ಒಂದೇ ಗುರುತಿನಿಂದ ಎಲ್ಲ ಕಡೆಗೂ ಸಮನಾಗಿ ಇಳಿದ ತಳ.

3. ಎತ್ತರವು ಎಲ್ಲಿಂದ?

ಈ ಪ್ರಶ್ನೆಯ ಮಹತ್ತ್ವವು ಜೈನ ಆಚಾರ್ಯರಿಗೆ ಚೆನ್ನಾಗಿ ತಿಳಿದಿತ್ತೆಂಬುದಕ್ಕೆ ಸಾಕ್ಷ್ಯವು ಗಣಿತಗ್ರಂಥದ ಹೊರಗೆ ದೊರೆಯುತ್ತದೆ. ಪೂಜ್ಯಪಾದರು ಸರ್ವಾರ್ಥಸಿದ್ಧಿಯ ನಾಲ್ಕನೆಯ ಅಧ್ಯಾಯದಲ್ಲಿ ಜ್ಯೋತಿಷ್ಕರ ಸ್ಥಾನವನ್ನು ನಿರೂಪಿಸುವಾಗ, ‘ಸಮಭೂಮಿಭಾಗ’ದಿಂದ ಮೇಲಕ್ಕೆ ಎಂದು ಮೊದಲು ಹೇಳಿ, ಅನಂತರ ತಾರೆಗಳಿಗೆ 790, ಸೂರ್ಯರಿಗೆ 800, ಚಂದ್ರರಿಗೆ 880 ಯೋಜನಗಳೆಂದು ಸಂಖ್ಯೆಗಳನ್ನು ಕೊಡುತ್ತಾರೆ. ಆ ಸಂಖ್ಯೆಗಳ ಆಗಮಿಕ ವಿಚಾರ ಇಲ್ಲಿ ಪ್ರಸ್ತುತವಲ್ಲ. ನಿರೂಪಣೆಯ ಕ್ರಮ ಮಾತ್ರ ಗಮನಾರ್ಹ. ಎತ್ತರವು ಸಾಪೇಕ್ಷವಾದುದು, ಅದರ ಅವಧಿಯನ್ನು ಹೇಳದೆ ಸಂಖ್ಯೆಯನ್ನು ಹೇಳಿದರೆ ಅರ್ಥವಿಲ್ಲ. ಪರ್ವತದ ತುದಿಯಿಂದಲೋ ಕಣಿವೆಯಿಂದಲೋ ಅಲ್ಲದೆ ಸಮವಾದ ನೆಲದಿಂದ ಎಂಬ ನಿರ್ದೇಶನ ಇಲ್ಲದಿದ್ದರೆ ಮೂರು ಸಂಖ್ಯೆಗಳ ಪರಸ್ಪರ ಸಂಬಂಧವೇ ಕೆಡುತ್ತದೆ.

ಆಧುನಿಕ ಸರ್ವೇಕ್ಷಣದ ತಳಹದಿಯೂ ಇದೇ. ಭಾರತದಲ್ಲಿ ನಿಖರವಾದ ಮಟ್ಟಮಾಪನ 1858ರಲ್ಲಿ ಆರಂಭವಾಯಿತು. ಒಂಬತ್ತು ಬಂದರುಗಳಲ್ಲಿ ಉಬ್ಬರವಿಳಿತಗಳನ್ನು ಅಳೆದು ಪಡೆದ ಸಮುದ್ರದ ಸರಾಸರಿ ಮಟ್ಟವನ್ನು ಸೊನ್ನೆಯಾಗಿ ಹಿಡಿದು 1909ರಲ್ಲಿ ದೇಶದ ಮಟ್ಟಜಾಲವನ್ನು ಹೊಂದಿಸಲಾಯಿತು. ಆ ಬಂದರುಗಳಲ್ಲಿ ನಮ್ಮ ಕಾರವಾರವೂ ಒಂದು. ಮದ್ದೂರು, ಮಂಡ್ಯ ರೈಲುನಿಲ್ದಾಣಗಳ ಹಳದಿ ಫಲಕದ ಮೇಲೆ ಊರಿನ ಹೆಸರಿನೊಡನೆ ಬರೆದಿರುವ ಎತ್ತರ ಆ ಸಮುದ್ರಮಟ್ಟದಿಂದ ಎಣಿಸಿದುದು. ಕನ್ನಂಬಾಡಿ ಕಟ್ಟೆಯ ಪೂರ್ಣಮಟ್ಟ 124.80 ಅಡಿ ಎಂಬುದು ಮಂಡ್ಯ ಸೀಮೆಯ ರೈತರೆಲ್ಲರಿಗೂ ಬಾಯಿಪಾಠ. ಅದೇ ನೀರಿನ ಮಟ್ಟ ಸಮುದ್ರದಿಂದ ಸುಮಾರು 752 ಮೀಟರ್. ನೀರು ಒಂದೇ, ಸಂಖ್ಯೆ ಎರಡು. ಒಂದು ಕಟ್ಟೆಯ ಅಳತೆಗೋಲಿನ ಸೊನ್ನೆಯಿಂದ, ಇನ್ನೊಂದು ಸಮುದ್ರದ ಸೊನ್ನೆಯಿಂದ. ಎರಡೂ ಸತ್ಯ, ಅಪೇಕ್ಷೆ ಬೇರೆ.

4. ಮಂಡ್ಯ, ಮದ್ದೂರು, ಮಳವಳ್ಳಿ

ಈ ಪ್ರದೇಶ ಜೈನ ವಿದ್ವಾಂಸರಿಗೆ ಅಪರಿಚಿತವಲ್ಲ. ಮದ್ದೂರು ತಾಲ್ಲೂಕಿನ ಅರೆತಿಪ್ಪೂರಿನಲ್ಲಿ ಗಂಗರ ಕಾಲದ ತೀರ್ಥದ ಕುರುಹುಗಳೂ ಬಾಹುಬಲಿಯ ಮೂರ್ತಿಯೂ ಬಸದಿಗಳ ತಳಪಾಯದ ಅವಶೇಷಗಳೂ ಇವೆ. ಹೊಯ್ಸಳ ವಿಷ್ಣುವರ್ಧನನ ದಂಡನಾಯಕ ಗಂಗರಾಜನು ತಿಪ್ಪೂರನ್ನು ಮೇಘಚಂದ್ರ ಸಿದ್ಧಾಂತದೇವರಿಗೆ ಧಾರೆಯೆರೆದುದು ಶಾಸನಪ್ರಸಿದ್ಧ. ಇದೇ ಜಿಲ್ಲೆಯ ನಾಗಮಂಗಲ ತಾಲ್ಲೂಕಿನ ಕಂಬದಹಳ್ಳಿಯ ಪಂಚಕೂಟ ಬಸದಿಯಲ್ಲಿ ಹಲವು ಗರ್ಭಗೃಹಗಳು ಒಂದೇ ಆವರಣದಲ್ಲಿ ನಿಂತಿವೆ. ಬಂಡೆಯ ಮೇಲೂ ಓರೆನೆಲದ ಮೇಲೂ ಅಧಿಷ್ಠಾನಗಳನ್ನು ಹೊಂದಿಸುವುದು ಜಲಸಾಕ್ಷಿಯಾದ ಮಟ್ಟವಿಲ್ಲದೆ ಆಗುವ ಕೆಲಸವಲ್ಲ.

ಶ್ರೀರಂಗಪಟ್ಟಣದ ಪತನದ ಅನಂತರ ಮೈಸೂರು ಸೀಮೆಯ ಸರ್ವೇಕ್ಷಣಕ್ಕೆ ನಿಯುಕ್ತನಾದ ಕರ್ನಲ್ ಮೆಕೆಂಜಿಯ ಶಿಬಿರದಲ್ಲಿ ಭೂಮಿಯನ್ನು ಅಳೆಯುವ ಉಪಕರಣಗಳೂ ಓಲೆಯ ಕಟ್ಟುಗಳೂ ಒಟ್ಟಿಗೇ ಸಂಚರಿಸಿದವು. ರಾಜಾವಳಿಕಥೆಯ ಕರ್ತೃ ದೇವಚಂದ್ರನು ಅವನನ್ನು ಕಂಡುದು 1804ರಲ್ಲಿ. ಭೂಮಾಪನ, ಗ್ರಂಥಸಂಗ್ರಹ ಎರಡೂ ಆ ಶಿಬಿರದಲ್ಲಿ ಕೂಡಿದ್ದವು. ಮುಂದೆ ಅವುಗಳ ದಾರಿ ಬೇರೆಯಾಯಿತು.

ಭೂಮಾಪನದ ದಾರಿ ಈ ಸೀಮೆಯಲ್ಲಿ ದೊಡ್ಡದಾಗಿ ಬೆಳೆಯಿತು. ಮದ್ದೂರು, ಮಂಡ್ಯಗಳ ಮೂಲಕ ಬೆಂಗಳೂರಿನಿಂದ ಹೊರಟ ರೈಲುಮಾರ್ಗ 1882ರ ವೇಳೆಗೆ ಮೈಸೂರನ್ನು ಮುಟ್ಟಿತು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಿಂದ 1902ರಲ್ಲಿ ಕೋಲಾರದ ಚಿನ್ನದ ಗಣಿಗಳಿಗೆ ವಿದ್ಯುತ್ತು ಹರಿಯಿತು. 1911ರಲ್ಲಿ ಕನ್ನಂಬಾಡಿ ಕಟ್ಟೆಯ ಕೆಲಸ ಆರಂಭವಾಯಿತು. ಅದರಿಂದ ಹೊರಟು ಇಂದು ವಿಶ್ವೇಶ್ವರಯ್ಯ ನಾಲೆಯೆನಿಸಿರುವ ಇರ್ವಿನ್ ನಾಲೆಯು ಹುಲಿಕೆರೆಯ ಬಳಿ ಒಂದೂವರೆ ಮೈಲಿಗೂ ಮಿಕ್ಕಿ ಉದ್ದದ ಸುರಂಗದಲ್ಲಿ ಸಾಗಿ ಮಂಡ್ಯ, ಮದ್ದೂರು, ಮಳವಳ್ಳಿಗಳ ಬಯಲಿಗೆ ನೀರನ್ನು ತಂದಿತು. ನಾಲೆಯ ನೀರು ತನ್ನ ಭಾರದಿಂದಲೇ ಹರಿಯಬೇಕು. ಇಳಿಜಾರು ಹೆಚ್ಚಾದರೆ ದಡ ಕೊರೆದು ಮುಂದಿನ ಊರುಗಳಿಗೆ ಎತ್ತರ ಸಾಲದಾಗುತ್ತದೆ. ಕಡಿಮೆಯಾದರೆ ಹೂಳು ತುಂಬುತ್ತದೆ. ಇಂತಹ ನಾಲೆಯ ಪ್ರತಿಯೊಂದು ಮೈಲಿಯೂ ಮಟ್ಟದ ಯಂತ್ರದ ಕಣ್ಣಿನಿಂದ ನಿಶ್ಚಿತವಾದುದು.

ನಾಲೆಯ ಕೆಳಗಿನ ಬತ್ತದ ಗದ್ದೆಯಲ್ಲಿ ಮಾತ್ರ ಹಳೆಯ ಕ್ರಮವೇ ಉಳಿಯಿತು. ನಾಟಿಗೆ ಮುಂಚೆ ನೀರು ಕಟ್ಟಿ, ಹಲಗೆ ಎಳೆದು, ನೀರು ನಿಂತ ತಗ್ಗಿಗೆ ನೀರ ಮೇಲೆ ತಲೆಯೆತ್ತಿದ ಮಣ್ಣನ್ನು ಸರಿಸುವ ರೈತನು ಭಾಸ್ಕರನ ಭಾಷ್ಯವನ್ನು ಓದಿದವನಲ್ಲ. ಆದರೂ ಅವನ ಪರೀಕ್ಷೆ ಅದೇ. ನೀರು ತೋರಿಸಿದುದು ತಗ್ಗು, ನೀರು ಮುಟ್ಟದುದು ಉಬ್ಬು.

5. ಕಟ್ಟಡದ ನಿವೇಶನದಲ್ಲಿ

ಇಂದು ಈ ಊರುಗಳಲ್ಲಿ ಮನೆ ಕಟ್ಟುವಾಗ ಗಾರೆಯ ಮೇಸ್ತ್ರಿಯ ಕೈಯಲ್ಲಿರುವುದು ತೂಗುಗುಂಡು, ಮೂಲೆಮಟ್ಟ, ರಸಮಟ್ಟ ಮತ್ತು ನೀರು ತುಂಬಿದ ಪಾರದರ್ಶಕ ಪೈಪು. ಪೈಪಿನ ಎರಡು ತುದಿಗಳಲ್ಲಿ ನೀರು ಒಂದೇ ಮಟ್ಟಕ್ಕೆ ನಿಲ್ಲುತ್ತದೆ. ನಡುವೆ ಗಾಳಿಯ ಗುಳ್ಳೆ ಸೇರಿದರೆ ಸುಳ್ಳು ಹೇಳುತ್ತದೆ. ದೊಡ್ಡ ಕಟ್ಟಡಗಳಿಗೆ ದೂರದರ್ಶಕವುಳ್ಳ ಲೆವೆಲ್ ಯಂತ್ರ ಬರುತ್ತದೆ. ದ್ರವದಲ್ಲಿ ತೇಲುವ ಗುಳ್ಳೆಯ ಮಟ್ಟವನ್ನು ಫ್ರಾನ್ಸಿನ ಥೆವೆನೊ 1661ರ ಸುಮಾರಿಗೆ ರೂಪಿಸಿದನು. ಡಂಪಿ ಲೆವೆಲನ್ನು ಇಂಗ್ಲೆಂಡಿನ ಗ್ರಾವಟ್ 1832ರಲ್ಲಿ ನಿರ್ಮಿಸಿದನು. ತಾನಾಗಿಯೇ ದೃಷ್ಟಿರೇಖೆಯನ್ನು ಸರಿಪಡಿಸಿಕೊಳ್ಳುವ ಯಂತ್ರವನ್ನು ಜರ್ಮನಿಯ ಝೈಸ್ ಸಂಸ್ಥೆ 1950ರಲ್ಲಿ ಹೊರತಂದಿತು.

ಇದರ ಕ್ರಮ ಸರಳವಾದುದು. ಕಟ್ಟಡ ಮುಗಿಯುವವರೆಗೆ ಅಲುಗದ ಒಂದು ಕಲ್ಲನ್ನೋ ಕಟ್ಟೆಯನ್ನೋ ಗುರುತಾಗಿ ಆರಿಸಿ ಅದರ ಮಟ್ಟವನ್ನು 100.000 ಮೀಟರ್ ಎಂದು ಕಲ್ಪಿಸಲಾಗುತ್ತದೆ. ಯಂತ್ರವನ್ನು ಮುಕ್ಕಾಲಿಯ ಮೇಲೆ ನಿಲ್ಲಿಸಿ ಗುಳ್ಳೆಯನ್ನು ನಡುವಿಗೆ ತಂದು, ಗುರುತಿನ ಮೇಲಿಟ್ಟ ಅಳತೆಗೋಲನ್ನು ನೋಡಿದಾಗ 1.250 ಬಂದರೆ ದೃಷ್ಟಿರೇಖೆಯ ಎತ್ತರ 101.250. ಪಾಯದ ತಳ 98.750ರಲ್ಲಿ ಇರಬೇಕಾದರೆ ಹಳ್ಳದ ನಾಲ್ಕು ಮೂಲೆಗಳಲ್ಲಿಯೂ ಕೋಲು 2.500 ತೋರಿಸಬೇಕು, ಪೀಠದ ಮೇಲ್ಮೈ 100.600ರಲ್ಲಿ ಬೇಕಾದರೆ 0.650 ತೋರಿಸಬೇಕು. ಖಾತಗಣಿತವು ಕೇಳದೆ ಬಿಟ್ಟ ಪ್ರಶ್ನೆಗೆ ಇಲ್ಲಿ ಉತ್ತರ ದೊರೆಯಿತು: ಆಳವನ್ನು ಅಂಚಿನಿಂದ ಅಳೆಯಲಿಲ್ಲ, ಗುರುತಿನಿಂದ ಅಳೆಯಲಾಯಿತು. ದೃಷ್ಟಿರೇಖೆ ಸ್ವಲ್ಪ ವಾಲಿದ್ದರೂ, ಯಂತ್ರವನ್ನು ಎರಡು ಸ್ಥಾನಗಳ ಸರಿಮಧ್ಯದಲ್ಲಿ ನಿಲ್ಲಿಸಿದರೆ ದೋಷವು ಎರಡೂ ಕಡೆ ಸಮನಾಗಿ ಸೇರಿ ಕಳೆಯುವಾಗ ಅಳಿದುಹೋಗುತ್ತದೆ. ಕೊನೆಗೆ ಮೊದಲಿನ ಗುರುತಿಗೇ ಮರಳಿ ನೋಡಿ ಸಂಖ್ಯೆ ಕೂಡಿಬಂದರೆ ಮಾತ್ರ ಕೆಲಸ ಸ್ವೀಕಾರ್ಯ.

ಕ್ಷೇತ್ರಗಣಿತಕ್ಕೂ ಇದೇ ನ್ಯಾಯ. 30 ಅಡಿ ಅಗಲ, 40 ಅಡಿ ಉದ್ದದ ನಿವೇಶನದ ಕರ್ಣ 50 ಅಡಿ; ಎರಡು ಕರ್ಣಗಳೂ ಸಮನಾದರೆ ಮೂಲೆಗಳು ಸರಿ. ಆದರೆ ಉದ್ದಕ್ಕೂ ನೆಲ 9 ಅಡಿ ಇಳಿದಿದ್ದರೆ, 40 ಅಡಿಯ ಭುಜವನ್ನು ಪಡೆಯಲು ನೆಲದ ಮೇಲೆ ಹಾಸಿದ ಟೇಪು 41 ಅಡಿಯನ್ನು ತೋರಿಸಬೇಕಾಗುತ್ತದೆ. ನೆಲವನ್ನು ಒತ್ತಿ ಅಳೆದುದು ಭುಜವಲ್ಲ, ಕರ್ಣ.

6. ಸಂಪಾದಕರ ಹೊಣೆ

ಗಣಿತಸಾರಸಂಗ್ರಹವನ್ನು ಎಂ. ರಂಗಾಚಾರ್ಯರು 1912ರಲ್ಲಿ ಮದರಾಸಿನಿಂದ ಪ್ರಕಟಿಸಿದರು. ಕನ್ನಡದಲ್ಲಿ ಗಣಿತವನ್ನು ಬರೆದ ಜೈನಕವಿ ರಾಜಾದಿತ್ಯನ ವ್ಯವಹಾರಗಣಿತ 1955ರಲ್ಲಿ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಬೆಳಕು ಕಂಡಿತು. ಮೂಲಗಳು ಉಳಿದಿವೆ. ಆದರೆ ‘ನೀರಿನ ಮೇಲ್ಮೈಯಂತೆ ಸಮ’ ಎಂಬಂತಹ ವಿಶೇಷಣವನ್ನು ಪಾದಪೂರಣವೆಂದು ತಿಳಿದು ಓದುವವರೆಗೆ ಗ್ರಂಥದ ಅರ್ಧ ಮಾತ್ರ ಓದಿದಂತೆ. ಉಳಿದರ್ಧವು ಗಾರೆಯವರ, ಕಲ್ಲುಕುಟಿಗರ, ನೀರುಗಂಟಿಗಳ ಮಾತಿನಲ್ಲಿದೆ. ಬೆಳಕಿನ ಗೆರೆಯನ್ನು ಗೋಡೆಗೆ ಬೀರುವ ಲೇಸರ್ ಯಂತ್ರ ಬಂದಮೇಲೆ ಆ ಮಾತುಗಳು ಮರೆಯಾಗುವುದು ಸಹಜ. ಗಣಿತಗ್ರಂಥಗಳ ಶಬ್ದಾರ್ಥಕೋಶವನ್ನು ಸಿದ್ಧಪಡಿಸುವವರು ಓಲೆಯ ಪ್ರಯೋಗದ ಜೊತೆಗೆ ಕಸುಬಿನ ಪ್ರಯೋಗವನ್ನೂ ಸಂಗ್ರಹಿಸಬೇಕಾದುದು ಆದುದರಿಂದ ಅವಶ್ಯಕ.

ಇದಕ್ಕಿಂತಲೂ ತ್ವರೆಯ ವಿಷಯ ಪ್ರಾಚೀನ ಬಸದಿಗಳ ಜೀರ್ಣೋದ್ಧಾರ. ಬಿದ್ದ ಕಂಬವನ್ನು ಎತ್ತುವ ಮೊದಲು, ಅಧಿಷ್ಠಾನದ ಕಲ್ಲುಗಳನ್ನು ಬಿಚ್ಚುವ ಮೊದಲು, ಆವರಣದ ಹೊರಗಿನ ಅಚಲವಾದ ಒಂದು ಗುರುತಿನಿಂದ ಪ್ರತಿಯೊಂದು ಕಲ್ಲಿನ ಮಟ್ಟವನ್ನು ಅಳೆದು ಬರೆದಿಡಬೇಕು. ನೆಲ ಕುಸಿದುದೆಲ್ಲಿ, ಶಿಲ್ಪಿಯೇ ನೀರು ಹರಿಯಲೆಂದು ಇಳಿಜಾರು ಕೊಟ್ಟುದೆಲ್ಲಿ ಎಂಬ ಭೇದವನ್ನು ಆ ಪಟ್ಟಿಯ ಮೂಲಕ ವಿವೇಚಿಸಬಹುದು. ಅಳೆಯದೆ ಬಿಚ್ಚಿದ ಕಲ್ಲು ಗರಿಸಂಖ್ಯೆ ಅಳಿಸಿದ ಓಲೆಯಂತೆ. ವಸ್ತು ಕೈಯಲ್ಲಿದ್ದರೂ ಅದರ ಸ್ಥಾನ ಮತ್ತೆ ದೊರೆಯುವುದಿಲ್ಲ. ಓಲೆಯ ಕಟ್ಟನ್ನು ಬಿಚ್ಚುವ ಮುನ್ನ ಗರಿಗಳನ್ನು ಎಣಿಸುವ ಶಿಸ್ತನ್ನು ಹಸ್ತಪ್ರತಿತಜ್ಞರು ಚೆನ್ನಾಗಿ ಬಲ್ಲರು. ಅದೇ ಶಿಸ್ತನ್ನು ಬಸದಿಯ ನೆಲಕ್ಕೂ ಅನ್ವಯಿಸುವುದು ಈಗ ಆಗಬೇಕಾದ ಕೆಲಸ.