ಮನೆತನವೇ ಗಿಡ್ಡವೇ?

‘ಅವರ ಮನೆತನವೇ ಗಿಡ್ಡ, ಡಾಕ್ಟ್ರೇ.’ ಅಂಗನವಾಡಿಗಳಲ್ಲಿ ಎತ್ತರ ಅಳೆಯುವಾಗ ನಾನು ಹೆಚ್ಚು ಸಲ ಕೇಳಿದ ಮಾತಿದು. ಅಲ್ಲಿ ಅದು ಅಮಾಯಕ ಮಾತು. ಅದನ್ನೇ ಪಂಡಿತರು ಅಂಕಿಅಂಶದ ಅಂಗಿ ತೊಡಿಸಿ ಆಡತೊಡಗಿದಾಗ ಸುಮ್ಮನಿರುವುದು ಕಷ್ಟ.

ಬಡವರ ಮಕ್ಕಳು ಗಿಡ್ಡ ಎಂಬುದು ಹೊಸ ಸಂಗತಿಯಲ್ಲ. ಫ್ರಾನ್ಸಿನ ವೈದ್ಯ ವಿಲೆರ್ಮೆ 1829ರಲ್ಲೇ ಸೈನಿಕರ ಎತ್ತರಕ್ಕೂ ಅವರ ಸೀಮೆಯ ಸಿರಿತನಕ್ಕೂ ನಂಟು ತೋರಿಸಿದ್ದ. 1970ರ ದಶಕದಲ್ಲಿ ಪೋಷಣಾ ತಜ್ಞ ಜಾನ್ ವಾಟರ್‌ಲೋ ಎರಡು ಬಗೆಯ ನ್ಯೂನತೆಯನ್ನು ಬಿಡಿಸಿಟ್ಟರು: ಎತ್ತರಕ್ಕೆ ತಕ್ಕ ತೂಕವಿಲ್ಲದ್ದು ಈಚಿನ ಸೊರಗು, ವಯಸ್ಸಿಗೆ ತಕ್ಕ ಎತ್ತರವಿಲ್ಲದ್ದು ಬಹುಕಾಲದ ಕೊರತೆಯ ಗುರುತು.

ನಾವು ವಿದ್ಯಾರ್ಥಿಗಳಾಗಿದ್ದ ಎಂಬತ್ತರ ದಶಕದಲ್ಲಿ ಜೋರು ಜಗಳವೇ ನಡೆಯಿತು. ಕಡಿಮೆ ಆಹಾರಕ್ಕೆ ಮೈ ಒಗ್ಗಿಕೊಳ್ಳುತ್ತದೆ ಎಂದು ಸಂಖ್ಯಾಶಾಸ್ತ್ರಜ್ಞ ಪಿ.ವಿ. ಸುಖಾತ್ಮೆ ವಾದಿಸಿದರು. ‘ಗಿಡ್ಡವಾದರೂ ಆರೋಗ್ಯವಂತ’ ಎಂಬ ಸಿದ್ಧಾಂತವನ್ನು ಅರ್ಥಶಾಸ್ತ್ರಜ್ಞ ಡೇವಿಡ್ ಸೆಕ್ಲರ್ ಕಟ್ಟಿದರು. ಪೋಷಣಾ ವಿಜ್ಞಾನಿ ಸಿ. ಗೋಪಾಲನ್ ಇದನ್ನು ಸುತರಾಂ ಒಪ್ಪಲಿಲ್ಲ. ಗಿಡ್ಡತನವನ್ನು ಸಹಜವೆಂದರೆ ಅದನ್ನು ಹುಟ್ಟಿಸಿದ ಬಡತನವನ್ನೂ ಸಹಜವೆಂದಂತೆ ಎಂಬುದು ಅವರ ನಿಲುವಿನ ತಿರುಳು. ನಾನು ಅಂದೂ ಗೋಪಾಲನ್ ಪಕ್ಷ, ಇಂದೂ ಅದೇ.

ಅವರ ಮಾತಿಗೆ ಬಲ ಬಂದದ್ದು ನಮ್ಮ ಮೈಸೂರಿನಿಂದ. ಅಲ್ಲಿನ ಹೋಲ್ಡ್ಸ್‌ವರ್ತ್ ಆಸ್ಪತ್ರೆ 1934ರಿಂದ ನವಜಾತ ಶಿಶುಗಳ ತೂಕ, ಉದ್ದ, ತಲೆಸುತ್ತಳತೆ ಬರೆದಿಟ್ಟಿತ್ತು. ಹಳೆಯ ಕಡತ ಹಿಡಿದು ಸಂಶೋಧಕರು ಆ ಕೂಸುಗಳನ್ನು ನಡುವಯಸ್ಸಿನಲ್ಲಿ ಹುಡುಕಿದರು. 1996ರಲ್ಲಿ ಫಲಿತಾಂಶ ಬಂತು: ಕಡಿಮೆ ತೂಕ, ಕಡಿಮೆ ಉದ್ದದಲ್ಲಿ ಹುಟ್ಟಿದವರಲ್ಲಿ ಹೃದ್ರೋಗ ಹೆಚ್ಚು, ತಾಯಿಯ ತೂಕವೂ ಕಡಿಮೆಯಿದ್ದವರಲ್ಲಿ ಇನ್ನೂ ಹೆಚ್ಚು.

2006ರಲ್ಲಿ ವಿಶ್ವ ಆರೋಗ್ಯ ಸಂಸ್ಥೆ ಆರು ದೇಶಗಳ ಮಕ್ಕಳನ್ನು ಅಳೆದು ಹೊಸ ಮಾನದಂಡ ತಂದಿತು. ದಕ್ಷಿಣ ದೆಹಲಿಯ ಅನುಕೂಲವಂತರ ಮಕ್ಕಳೂ ಅದರಲ್ಲಿದ್ದರು. ಉಳಿದ ದೇಶದವರಿಗೆ ಸರಿಸಮನಾಗಿಯೇ ಬೆಳೆದಿದ್ದರು. ಆದರೂ 2013ರಲ್ಲಿ ಅರ್ಥಶಾಸ್ತ್ರಜ್ಞ ಅರವಿಂದ ಪನಗಾರಿಯಾ ಗಿಡ್ಡತನಕ್ಕೆ ವಂಶವಾಹಿಯೇ ಕಾರಣ ಎಂಬ ವಾದವನ್ನು ಮತ್ತೆ ಎತ್ತಿದರು. 2019–21ರ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಅತಿ ಬಡ ಮನೆಗಳ ಮಕ್ಕಳಲ್ಲಿ ಶೇ 46, ಅತಿ ಸಿರಿವಂತ ಮನೆಗಳಲ್ಲಿ ಶೇ 23 ಕುಂಠಿತರು, ಅಂದರೆ ವಯಸ್ಸಿಗೆ ತಕ್ಕ ಎತ್ತರವಿಲ್ಲದವರು. ಸಿರಿವಂತರಲ್ಲೂ ಇಷ್ಟೇಕೆ ಎಂಬ ಪ್ರಶ್ನೆ ನ್ಯಾಯವಾದದ್ದೇ. ಬಯಲುಶೌಚದ ಸೋಂಕಿನತ್ತ ಅರ್ಥಶಾಸ್ತ್ರಜ್ಞ ಡೀನ್ ಸ್ಪಿಯರ್ಸ್ ಬೆರಳು ತೋರಿದರು. ಅರ್ಥಶಾಸ್ತ್ರಜ್ಞರಾದ ಜಯಚಂದ್ರನ್ ಮತ್ತು ಪಾಂಡೆ 2017ರಲ್ಲಿ ಕಂಡದ್ದು, ಆಫ್ರಿಕಕ್ಕೆ ಹೋಲಿಸಿದರೆ ನಮ್ಮಲ್ಲಿ ಎತ್ತರದ ಕೊರತೆ ಹುಟ್ಟಿನ ಕ್ರಮದೊಂದಿಗೆ ಏರುತ್ತದೆ. ಚೊಚ್ಚಲಿಗೊಂದು ವಂಶವಾಹಿ, ಮೂರನೆಯದಕ್ಕೆ ಇನ್ನೊಂದೇ?

ಕರ್ನಾಟಕದಲ್ಲಿ ಅಂಗನವಾಡಿ ಯೋಜನೆ ಶುರುವಾದದ್ದು 1975ರಲ್ಲಿ, ತಿ. ನರಸೀಪುರದಲ್ಲಿ. ಹಾಲು, ಮೊಟ್ಟೆ, ಬಸುರಿ–ಬಾಣಂತಿಯರಿಗೆ ಮಾತೃಪೂರ್ಣ ಯೋಜನೆಯ ಊಟ ಎಲ್ಲವೂ ಬಂದವು. ಆದರೂ ಹಿಂದಿನ ಕುಟುಂಬ ಆರೋಗ್ಯ ಸಮೀಕ್ಷೆಗೂ 2019–21ರದಕ್ಕೂ ನಡುವೆ ರಾಜ್ಯದ ಕುಂಠಿತ ಮಕ್ಕಳ ಪ್ರಮಾಣ ಇಳಿದದ್ದು ಶೇ 36.2ರಿಂದ 35.4ಕ್ಕೆ. ಬಸುರಾದ ಮೇಲೆ ಊಟ ಹಾಕುತ್ತೇವೆ. ಶಾಲೆ ಬಿಟ್ಟು ಕೂಲಿಗೆ ಹೋಗುವ ಹದಿನಾರರ ಹುಡುಗಿಯ ತಟ್ಟೆಯಲ್ಲಿ ಏನಿದೆಯೆಂದು ಕೇಳುವುದಿಲ್ಲ. ಮನೆತನ ಗಿಡ್ಡ ಎಂಬ ಮಾತು ನಿಜವೇ. ತಲೆಮಾರಿನಿಂದ ತಲೆಮಾರಿಗೆ ದಾಟುತ್ತಿರುವುದರಲ್ಲಿ ಹಸಿವೂ ಇದೆ. ಇನ್ನು ಮುಂದೆ ಮಗುವನ್ನು ಅಳೆದಾಗ ಅದೇ ಗೋಡೆಗೆ ತಾಯಿಯನ್ನೂ ನಿಲ್ಲಿಸಿ, ಎತ್ತರ ಬರೆದುಕೊಳ್ಳಿ. ಎಳವೆಯಲ್ಲಿ ಏನುಂಡೆ ತಾಯೀ ಎಂದೂ ಕೇಳಿ.