ಒಂದು ಸಾವು, 17 ಅಂಕ: ಮಾಲ್ಡೀವ್ಸ್‌ನ ತಾಯಿ ಮರಣದ ಲೆಕ್ಕ ಓದೋದು ಹೇಗೆ?

ಒಂದು ದೇಶದ ಆರೋಗ್ಯ ವ್ಯವಸ್ಥೆ ಹೇಗಿದೆ ಅಂತ ತಿಳಿಯೋಕೆ ನಾನು ಮೊದಲು ನೋಡೋದು ತಾಯಿ ಮರಣ ಅನುಪಾತ, ಅಂದ್ರೆ ಎಂಎಂಆರ್. ಬಸಿರಿನಲ್ಲಿ, ಹೆರಿಗೆಯಲ್ಲಿ ಅಥವಾ ಆಮೇಲಿನ 42 ದಿನಗಳಲ್ಲಿ, ಅದಕ್ಕೆ ಸಂಬಂಧಪಟ್ಟ ಕಾರಣದಿಂದಲೇ ಎಷ್ಟು ತಾಯಂದಿರು ತೀರಿಕೊಂಡರು? ಪ್ರತಿ ಒಂದು ಲಕ್ಷ ಜೀವಂತ ಜನನಕ್ಕೆ ಈ ಲೆಕ್ಕ ಹಾಕ್ತಾರೆ. ಅಪಘಾತದ ಸಾವು ಇದರಲ್ಲಿ ಸೇರಲ್ಲ.

ಇಳಿದದ್ದು ಎಷ್ಟು?

ವಿಶ್ವಸಂಸ್ಥೆಯ ಸಂಸ್ಥೆಗಳ 2015ರ ಅಂದಾಜಿನಂತೆ ಮಾಲ್ಡೀವ್ಸ್‌ನ ಎಂಎಂಆರ್ 1990ರಲ್ಲಿ 677 ಇತ್ತು. 2015ಕ್ಕೆ ಅದು 68ಕ್ಕೆ ಇಳಿಯಿತು. 25 ವರ್ಷಗಳಲ್ಲಿ ಶೇ. 90ರಷ್ಟು ಇಳಿಕೆ! ಸಹಸ್ರಮಾನದ ಗುರಿ ಇದ್ದದ್ದು ಶೇ. 75. 1990ರಲ್ಲಿ ಎಂಎಂಆರ್ 100 ದಾಟಿದ್ದ ದೇಶಗಳ ಪೈಕಿ ಆ ಗುರಿ ಮುಟ್ಟಿದ್ದು ಒಂಬತ್ತು ಮಾತ್ರ.

ಇಳಿದದ್ದು ಹೇಗೆ?

ಮಾಲ್ಡೀವ್ಸ್‌ನ ದ್ವೀಪಗಳು ಉತ್ತರದಿಂದ ದಕ್ಷಿಣಕ್ಕೆ 800 ಕಿ.ಮೀ.ಗೂ ಹೆಚ್ಚು ದೂರ ಚದುರಿವೆ. ರಕ್ತಸ್ರಾವ, ಏರಿದ ಬಿಪಿ, ನಂಜು ಎಲ್ಲ ಕಡೆಯೂ ತಾಯಂದಿರನ್ನು ಕೊಲ್ಲುತ್ತವೆ. ಇಲ್ಲಿ ಅವುಗಳ ಜೊತೆಗೆ ಸಮುದ್ರವೂ ಇದೆ. ಮಳೆಗಾಲದ ರಾತ್ರಿ ದೋಣಿ ಹೊರಡದಿದ್ದರೆ ಮುಗೀತು. ಮೊದಲೆಲ್ಲ ಸೂಲಗಿತ್ತಿಯರೇ ಆಸರೆಯಾಗಿದ್ದರು. ಆಮೇಲೆ ಹವಳದ್ವೀಪ ಸಮೂಹಗಳಲ್ಲಿ ಆಸ್ಪತ್ರೆಗಳು ಬಂದವು. ರಾಜಧಾನಿ ಮಾಲೆಯಲ್ಲಿ ಭಾರತದ ನೆರವಿನಿಂದ ಕಟ್ಟಿದ ಇಂದಿರಾ ಗಾಂಧಿ ಸ್ಮಾರಕ ಆಸ್ಪತ್ರೆ 1995ರಲ್ಲಿ ಶುರುವಾಯಿತು. 2012ರಲ್ಲಿ 'ಆಸಂಧ' ಆರೋಗ್ಯ ವಿಮೆ ಬಂತು. ಇದರ ಜೊತೆಗೇ, ಒಬ್ಬ ಮಹಿಳೆ ಸರಾಸರಿ ಆರು ಮಕ್ಕಳನ್ನು ಹೆರುತ್ತಿದ್ದ ಕಾಲ ಹೋಗಿ ಅದು ಎರಡರ ಆಸುಪಾಸಿಗೆ ಬಂತು.

ಲೆಕ್ಕದ ತೊಡಕು

ಎಂಜಿನಿಯರಿಂಗ್‌ನಲ್ಲಿ ಸಿಗ್ನಲ್ ಯಾವುದು, ನಾಯ್ಸ್ ಯಾವುದು ಅಂತ ಬೇರ್ಪಡಿಸೋದು ಕಲಿಸ್ತಾರೆ. ಆ ಪಾಠ ಇಲ್ಲಿ ಕೆಲಸಕ್ಕೆ ಬರುತ್ತೆ. ವರ್ಷಕ್ಕೆ 6,000 ಜನನ ಅಂತ ಇಟ್ಕೊಳ್ಳಿ. ಒಬ್ಬ ತಾಯಿ ತೀರಿಕೊಂಡರೆ ಎಂಎಂಆರ್ ಸುಮಾರು 17. ನಾಲ್ವರಾದರೆ 67. ಯಾರೂ ಸಾಯದಿದ್ದರೆ ಸೊನ್ನೆ. ಹಾಗಾಗಿ "ಈ ವರ್ಷ ದುಪ್ಪಟ್ಟಾಯ್ತು" ಅನ್ನೋ ಹೆಡ್‌ಲೈನ್ ಹಿಂದೆ ಇರೋದು ಒಂದೇ ಒಂದು ಹೆಚ್ಚುವರಿ ಸಾವು ಆಗಿರಬಹುದು. "ಸೊನ್ನೆಗೆ ಇಳಿಸಿದೆವು" ಅನ್ನೋ ಸರ್ಕಾರಿ ಹೆಮ್ಮೆಯೂ ಅಷ್ಟೇ ಟೊಳ್ಳಾಗಿರಬಹುದು. ಅದಕ್ಕೇ ಹಲವು ವರ್ಷಗಳನ್ನು ಒಟ್ಟುಗೂಡಿಸಿ ನೋಡಬೇಕು. ನಮ್ಮ ಎಸ್‌ಆರ್‌ಎಸ್ ಕೂಡ ಮೂರು ವರ್ಷದ ಲೆಕ್ಕ ಸೇರಿಸಿಯೇ ಕರ್ನಾಟಕಕ್ಕೆ 2018-20ರಲ್ಲಿ 69 ಅಂತ ಕೊಟ್ಟದ್ದು.

ಸಂಖ್ಯೆ ಹೇಳದ್ದು

ದೂರದ ದ್ವೀಪಗಳ ಅನೇಕ ಗರ್ಭಿಣಿಯರು ದಿನ ತುಂಬುವ ಮೊದಲೇ ಮಾಲೆಗೆ ಬಂದು, ದುಬಾರಿ ಬಾಡಿಗೆ ಕೊಟ್ಟು ಕಾಯುತ್ತಾರೆ. ಜೀವ ಉಳಿಯುತ್ತೆ, ಆದರೆ ಆ ಖರ್ಚು ಎಂಎಂಆರ್‌ನಲ್ಲಿ ಕಾಣಲ್ಲ.

ನನ್ನ ವಾದ ಇಷ್ಟೇ. ಸಾವುಗಳು ಬೆರಳೆಣಿಕೆಗೆ ಇಳಿದ ಮೇಲೆ ಶೇಕಡಾವಾರು ಲೆಕ್ಕಕ್ಕಿಂತ ಪ್ರತಿ ಸಾವಿನ ತನಿಖೆ ಮುಖ್ಯ. ಆಸ್ಪತ್ರೆಗೆ ಹೋಗೋ ತೀರ್ಮಾನ ತಡವಾಯ್ತಾ? ದೋಣಿ ತಡವಾಯ್ತಾ? ಆಸ್ಪತ್ರೆಯೊಳಗೇ ತಡವಾಯ್ತಾ? ಇದನ್ನು ಕೇಳೋದು ಯಾರನ್ನೋ ಶಿಕ್ಷಿಸೋಕಲ್ಲ, ಮುಂದಿನ ತಾಯಿಯನ್ನು ಉಳಿಸೋಕೆ.